ಉಪ್ಪುನೀರಿನ ಅಕ್ವೇರಿಯಂಗೆ ಹೊಸ ಕಡಲ ಅನಿಮೋನ್ ಸೇರ್ಪಡೆ: ಸಾರ್ವಜನಿಕರಿಗೆ ಮಾಹಿತಿ

ಮನೆಗಳಲ್ಲಿ ಉಪ್ಪುನೀರಿನ ಅಕ್ವೇರಿಯಂ ಇರಿಸಿಕೊಳ್ಳುವ ಹವ್ಯಾಸವು ನಮ್ಮ ನಗರಗಳಲ್ಲಿಯೂ ಬೆಳೆದಿದೆ. 2003ರಲ್ಲಿ ತೆರೆಕಂಡ ‘ಫೈಂಡಿಂಗ್ ನೀಮೋ’ ಚಲನಚಿತ್ರದ ನಂತರ ಕಿತ್ತಳೆ ಮೈಗೆ ಬಿಳಿ ಪಟ್ಟೆಯುಳ್ಳ ಕ್ಲೌನ್ ಮೀನು ಮಕ್ಕಳಿಗೂ ಪರಿಚಿತವಾಯಿತು. ಆ ಮೀನಿನ ಜೋಡಿಯೊಂದನ್ನು ತಂದವರಿಗೆ, ಅದು ಆಶ್ರಯ ಪಡೆಯುವ ಕಡಲ ಅನಿಮೋನ್ ಸಹ ತಮ್ಮ ತೊಟ್ಟಿಯಲ್ಲಿರಬೇಕೆಂಬ ಅಪೇಕ್ಷೆ ಉಂಟಾಗುವುದು ಸಹಜ. ಆದರೆ ತೊಟ್ಟಿ ಸ್ಥಾಪಿಸಿದ ಕೆಲವೇ ವಾರಗಳಲ್ಲಿ ತಂದ ಅನಿಮೋನ್ ಸಾಮಾನ್ಯವಾಗಿ ಉಳಿಯುವುದಿಲ್ಲ. ಅದು ಸತ್ತಾಗ ಅದೊಂದೇ ನಷ್ಟವಾಗುವುದೂ ಇಲ್ಲ. ಕೊಳೆಯುವ ದೇಹದಿಂದ ನೀರು ಕೆಟ್ಟು ಒಂದೇ ರಾತ್ರಿಯಲ್ಲಿ ಉಳಿದ ಮೀನುಗಳೂ ಸಾಯುವ ಸಂಭವವಿರುತ್ತದೆ. ಆದ್ದರಿಂದ ಅನಿಮೋನ್ ಖರೀದಿಸಲು ಇಚ್ಛಿಸುವ ಸಾರ್ವಜನಿಕರ ತಿಳುವಳಿಕೆಗಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

ಅನಿಮೋನ್ ಎಂದರೇನು?

ನೋಡಲು ಹೂವಿನಂತಿದ್ದರೂ ಅನಿಮೋನ್ ಸಸ್ಯವಲ್ಲ. ಅದು ಹವಳ ಮತ್ತು ಲೋಳೆಮೀನುಗಳ ಸಂಬಂಧಿಯಾದ ಪ್ರಾಣಿ. ಅದಕ್ಕೆ ಮೂಳೆ ಇಲ್ಲ, ಚಿಪ್ಪಿಲ್ಲ. ಕೆಳಭಾಗದಲ್ಲಿ ಬಂಡೆಯನ್ನು ಹಿಡಿದುಕೊಳ್ಳುವ ಪಾದ, ಮೇಲ್ಭಾಗದ ನಡುವೆ ಬಾಯಿ, ಬಾಯಿಯ ಸುತ್ತ ಕುಟುಕು ಕೋಶಗಳನ್ನು ಹೊಂದಿದ ಸ್ಪರ್ಶಾಂಗಗಳು, ಇಷ್ಟೇ ಅದರ ರಚನೆ. ಕ್ಲೌನ್ ಮೀನುಗಳಿಗೆ ಆಶ್ರಯ ನೀಡುವ ಅನಿಮೋನ್‌ಗಳ ಅಂಗಾಂಶದೊಳಗೆ ಸೂಕ್ಷ್ಮವಾದ ಏಕಕೋಶ ಪಾಚಿಗಳು ವಾಸಿಸುತ್ತವೆ. ಇವು ಬೆಳಕಿನಿಂದ ಆಹಾರ ತಯಾರಿಸಿ ಅದರ ಬಹುಪಾಲನ್ನು ಅನಿಮೋನ್‌ಗೆ ಒದಗಿಸುತ್ತವೆ. ಮೀನಿಗೆ ಸಾಕಾಗುವ ಮಂದ ಬೆಳಕು ಅನಿಮೋನ್‌ಗೆ ಏಕೆ ಸಾಲದು ಎಂಬುದಕ್ಕೆ ಇದೇ ಕಾರಣ. ಮೀನು ಆಹಾರ ತಿಂದು ಬದುಕುತ್ತದೆ; ಅನಿಮೋನ್ ಬಹುಮಟ್ಟಿಗೆ ದೀಪದಿಂದ ಬದುಕುತ್ತದೆ.

ಇವುಗಳ ಆಯುಷ್ಯದ ಬಗ್ಗೆ ತಪ್ಪು ಕಲ್ಪನೆ ಹೆಚ್ಚಾಗಿದೆ. ಅಂಗಡಿಗಳಲ್ಲಿ ಕೆಲವು ತಿಂಗಳು ಬದುಕಿದರೆ ಅದೇ ದೊಡ್ಡದು ಎಂದು ಹೇಳುವವರಿದ್ದಾರೆ. ಸ್ಕಾಟ್ಲೆಂಡಿನಲ್ಲಿ ಸರ್ ಜಾನ್ ಗ್ರಹಾಂ ಡಾಲಿಯೆಲ್ ಅವರು 1828ರಲ್ಲಿ ಸಮುದ್ರ ತೀರದಿಂದ ತಂದ ಒಂದು ಅನಿಮೋನ್ ಗಾಜಿನ ಪಾತ್ರೆಯಲ್ಲಿ, ಅವರ ಮರಣಾನಂತರವೂ ಒಬ್ಬರ ಕೈಯಿಂದ ಮತ್ತೊಬ್ಬರ ಕೈಗೆ ಸಾಗುತ್ತಾ, 1887ರವರೆಗೆ ಜೀವಿಸಿತ್ತು. ಅದು ತಂಪು ಕಡಲಿನ, ಬೆಳಕನ್ನು ಅವಲಂಬಿಸದ ಬೇರೆ ಜಾತಿಯಾದ ಕಾರಣ ಅದರ ಪಾಲನಾ ಕ್ರಮವನ್ನು ಇಲ್ಲಿ ಅನುಸರಿಸುವಂತಿಲ್ಲ. ಆದರೂ ಮನುಷ್ಯನ ಆರೈಕೆಯಲ್ಲಿ ಅನಿಮೋನ್ ದಶಕಗಳ ಕಾಲ ಬದುಕಬಲ್ಲದು ಎಂಬುದಕ್ಕೆ ಅದು ಸಾಕಷ್ಟು ಪುರಾವೆ.

ಯಾವ ಜಾತಿ?

ಮೊದಲ ಬಾರಿಗೆ ಸಾಕುವವರಿಗೆ ‘ಬಬಲ್ ಟಿಪ್’ ಎಂದು ಮಾರಾಟವಾಗುವ ಎಂಟಾಕ್ಮಿಯ ಕ್ವಾಡ್ರಿಕಲರ್ ಜಾತಿಯು ಹೆಚ್ಚು ಸೂಕ್ತ. ಸ್ಪರ್ಶಾಂಗಗಳ ತುದಿ ಗುಳ್ಳೆಯಂತೆ ಉಬ್ಬಿರುವುದರಿಂದ ಈ ಹೆಸರು. ಆದರೆ ತೊಟ್ಟಿಗೆ ಬಂದ ಮೇಲೆ ಗುಳ್ಳೆ ಮಾಯವಾಗಿ ತುದಿ ನೀಳವಾಗುವುದುಂಟು, ಅದು ರೋಗವಲ್ಲ. ಇದು ಸುಮಾರು 30 ಸೆಂ.ಮೀ. ಅಗಲಕ್ಕೆ ಹರಡಬಲ್ಲದು. ನಮ್ಮ ದೇಶದ ಕರಾವಳಿಯಲ್ಲಿಯೂ ಕಂಡುಬರುವ, ಮರಳಿನಲ್ಲಿ ಹುದುಗಿ ಬೆಳೆಯುವ ಹ್ಯಾಡನಿ ಜಾತಿಯ ‘ಕಾರ್ಪೆಟ್’ ಅನಿಮೋನ್ ಇನ್ನೂ ದೊಡ್ಡದಾಗುತ್ತದೆ. ಸಣ್ಣ ಮೀನುಗಳನ್ನು ಹಿಡಿದು ನುಂಗಲೂಬಲ್ಲದು. ಸಾಧಾರಣ ಗಾತ್ರದ ಮನೆಯ ತೊಟ್ಟಿಗೆ ಅದನ್ನು ಶಿಫಾರಸು ಮಾಡಲಾಗುವುದಿಲ್ಲ.

ಬಬಲ್ ಟಿಪ್ ಜಾತಿಯ ಮತ್ತೊಂದು ಅನುಕೂಲವೆಂದರೆ ಅದು ತನ್ನಷ್ಟಕ್ಕೆ ತಾನೇ ಎರಡಾಗಿ ಸೀಳಿ ವೃದ್ಧಿಯಾಗುತ್ತದೆ. ಹೀಗೆ ಬೇರೊಬ್ಬ ಹವ್ಯಾಸಿಯ ತೊಟ್ಟಿಯಲ್ಲಿಯೇ ಹುಟ್ಟಿದ ಮರಿಯು ದೊರೆತರೆ ಅದನ್ನೇ ಆರಿಸಿಕೊಳ್ಳುವುದು ಉತ್ತಮ. ಅದು ಈಗಾಗಲೇ ದೀಪದ ಬೆಳಕಿಗೆ ಮತ್ತು ತೊಟ್ಟಿಯ ನೀರಿಗೆ ಹೊಂದಿಕೊಂಡಿರುತ್ತದೆ, ದೂರದ ಪ್ರಯಾಣ ಮಾಡಿರುವುದಿಲ್ಲ, ಸಮುದ್ರದಿಂದ ಒಂದು ಜೀವಿ ಕಡಿಮೆಯಾಗುವುದೂ ಇಲ್ಲ.

ತರುವ ಮೊದಲು: ತೊಟ್ಟಿಯ ವಯಸ್ಸು

ಹೊಸ ತೊಟ್ಟಿಯಲ್ಲಿ ಮೀನಿನ ತ್ಯಾಜ್ಯದಿಂದ ಉಂಟಾಗುವ ಅಮೋನಿಯಾವನ್ನು ಒಂದು ವರ್ಗದ ಬ್ಯಾಕ್ಟೀರಿಯಾಗಳು ನೈಟ್ರೈಟ್ ಆಗಿಯೂ, ಮತ್ತೊಂದು ವರ್ಗದವು ಅದನ್ನು ನೈಟ್ರೇಟ್ ಆಗಿಯೂ ಪರಿವರ್ತಿಸುತ್ತವೆ. ಈ ವ್ಯವಸ್ಥೆ ನೆಲೆಗೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳು ಬೇಕಾಗುತ್ತವೆ. ಇಷ್ಟಾದ ಕೂಡಲೇ ಗಟ್ಟಿಮುಟ್ಟಾದ ಮೀನುಗಳನ್ನು ಬಿಡಬಹುದು, ಅನಿಮೋನ್ ಬಿಡುವಂತಿಲ್ಲ. ತೊಟ್ಟಿಗೆ ಕನಿಷ್ಠ ಆರು ತಿಂಗಳು, ಸಾಧ್ಯವಾದಲ್ಲಿ ಒಂದು ವರ್ಷ ತುಂಬಿರಬೇಕು. ಈ ಅವಧಿಯಲ್ಲಿ ಲವಣಾಂಶ, ಉಷ್ಣತೆ ಮತ್ತು ನೈಟ್ರೇಟ್ ಪ್ರಮಾಣಗಳು ಏರಿಳಿತವಿಲ್ಲದೆ ನಿಲ್ಲುತ್ತವೆ. ಅದಕ್ಕಿಂತ ಮುಖ್ಯವಾಗಿ ತೊಟ್ಟಿಯ ಮಾಲೀಕರು ಅವುಗಳನ್ನು ನಿಲ್ಲಿಸುವುದನ್ನು ಕಲಿತಿರುತ್ತಾರೆ. ತೊಟ್ಟಿಯು 150 ಲೀಟರಿಗಿಂತ ಚಿಕ್ಕದಾಗಿರದಿರುವುದು ಕ್ಷೇಮ; ನೀರು ಕಡಿಮೆಯಾದಷ್ಟೂ ಏರುಪೇರು ಬೇಗ.

ಪ್ರತಿ ವಾರದ ಪರೀಕ್ಷೆಯ ಅಂಕಿಗಳನ್ನು ದಿನಾಂಕ ಸಹಿತ ಒಂದು ಪುಸ್ತಕದಲ್ಲಿ ಬರೆದಿಡುವುದು ಅಗತ್ಯ. ಲೆಕ್ಕಪತ್ರ ನೋಡಿದ ಯಾರಿಗಾದರೂ ತಿಳಿದಿರುವಂತೆ, ಒಂದು ದಿನದ ಶಿಲ್ಕನ್ನು ನೋಡಿ ವ್ಯವಹಾರದ ಸ್ಥಿತಿಯನ್ನು ಹೇಳಲಾಗದು. ಎಂಟು ವಾರಗಳ ಅಂಕಿಗಳು ಒಂದೇ ಮಟ್ಟದಲ್ಲಿದ್ದರೆ ಮಾತ್ರ ಮುಂದಿನ ಹೆಜ್ಜೆ ಇಡಬೇಕು.

ಇರಬೇಕಾದ ಪ್ರಮಾಣಗಳು ಇಂತಿವೆ: ಉಷ್ಣತೆ 24ರಿಂದ 27 ಡಿಗ್ರಿ ಸೆಲ್ಸಿಯಸ್; ಲವಣಾಂಶ ಸಾವಿರಕ್ಕೆ 35 ಭಾಗ, ಅಂದರೆ ಸಾಪೇಕ್ಷ ಸಾಂದ್ರತೆ ಸುಮಾರು 1.026, ಪಿಎಚ್ 8.1ರಿಂದ 8.4; ಅಮೋನಿಯಾ ಮತ್ತು ನೈಟ್ರೈಟ್ ಶೂನ್ಯ; ನೈಟ್ರೇಟ್ ಲೀಟರಿಗೆ 10 ಮಿಲಿಗ್ರಾಂಗಿಂತ ಕಡಿಮೆ. ಹವಳ ಸಾಕಲು ಬಳಸುವ ಎಲ್‌ಇಡಿ ದೀಪವು ದಿನಕ್ಕೆ ಎಂಟರಿಂದ ಹತ್ತು ಗಂಟೆ ಉರಿಯಬೇಕು. ಸಾಮಾನ್ಯ ಟ್ಯೂಬ್‌ಲೈಟ್ ಸಾಲದು.

ನೀರು ಮತ್ತು ಉಪ್ಪು

ಅಡುಗೆ ಉಪ್ಪು ಬೆರೆಸಿದ ನೀರು ಸಮುದ್ರದ ನೀರಾಗುವುದಿಲ್ಲ. ಕ್ಯಾಲ್ಸಿಯಂ, ಮೆಗ್ನೀಷಿಯಂ ಮುಂತಾದ ಲವಣಗಳನ್ನೊಳಗೊಂಡ ಅಕ್ವೇರಿಯಂ ಉಪ್ಪನ್ನೇ ಬಳಸತಕ್ಕದ್ದು. ಲೀಟರಿಗೆ ಸುಮಾರು 35ರಿಂದ 40 ಗ್ರಾಂ ಉಪ್ಪು ಬೇಕಾಗುತ್ತದೆ. 200 ಲೀಟರಿನ ತೊಟ್ಟಿ ತುಂಬಲು 7ರಿಂದ 8 ಕಿಲೋಗ್ರಾಂ. ಅನಂತರ ವಾರಕ್ಕೆ 20 ಲೀಟರ್ ನೀರು ಬದಲಿಸಿದರೆ ತಿಂಗಳಿಗೆ ಸುಮಾರು 3 ಕಿಲೋಗ್ರಾಂ. ತೊಟ್ಟಿಯ ಬೆಲೆಯನ್ನು ಮಾತ್ರ ವಿಚಾರಿಸಿ ಬರುವವರು ಈ ಆವರ್ತಕ ವೆಚ್ಚವನ್ನೂ, ದೀಪ ಮತ್ತು ಪಂಪುಗಳ ವಿದ್ಯುತ್ ವೆಚ್ಚವನ್ನೂ ಮೊದಲೇ ಲೆಕ್ಕ ಹಾಕುವುದು ಒಳಿತು.

ಉಪ್ಪು ಬೆರೆಸುವ ನೀರು ಆರ್.ಓ. ಘಟಕದಿಂದ ಶುದ್ಧೀಕರಿಸಿದ್ದಾಗಿರಬೇಕು. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಕೊಳವೆ ಬಾವಿಯ ನೀರಿನಲ್ಲಿ ನೈಟ್ರೇಟ್ ಹೆಚ್ಚಿರುವ ಪ್ರದೇಶಗಳು ನಮ್ಮ ರಾಜ್ಯದಲ್ಲಿವೆ. ಮನೆಯ ಕುಡಿಯುವ ನೀರಿನ ಆರ್.ಓ. ಯಂತ್ರಗಳ ಪೈಕಿ ಹಲವು, ರುಚಿಗಾಗಿ ಶುದ್ಧ ನೀರಿಗೆ ಸ್ವಲ್ಪ ಶುದ್ಧೀಕರಿಸದ ನೀರನ್ನು ಬೆರೆಸುವ ವ್ಯವಸ್ಥೆ ಹೊಂದಿರುತ್ತವೆ. ಅಂತಹ ನೀರನ್ನು ಟಿಡಿಎಸ್ ಮಾಪಕದಿಂದ ಪರೀಕ್ಷಿಸದೆ ಬಳಸಬಾರದು.

ಕರಾವಳಿ ಜಿಲ್ಲೆಗಳ ನಿವಾಸಿಗಳು ಸಮುದ್ರದ ನೀರನ್ನೇ ತರಬಹುದಲ್ಲವೇ ಎಂದು ಕೇಳಬಹುದು. ಬೇಸಿಗೆಯಲ್ಲಿ, ಅಳಿವೆ ಮತ್ತು ಬಂದರುಗಳಿಂದ ದೂರದಲ್ಲಿ ಸಂಗ್ರಹಿಸಿ ಸೋಸಿದ ನೀರನ್ನು ಲವಣಾಂಶ ಅಳೆದು ಬಳಸಲು ಸಾಧ್ಯ. ಆದರೆ ಮಳೆಗಾಲದಲ್ಲಿ ನೇತ್ರಾವತಿ, ಶರಾವತಿ, ಕಾಳಿ ಮುಂತಾದ ನದಿಗಳು ತುಂಬಿ ಹರಿದು ತೀರದ ನೀರಿನ ಉಪ್ಪನ್ನು ಬಹಳ ಇಳಿಸುತ್ತವೆ ಮತ್ತು ಕೆಸರನ್ನು ತರುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೀರದ ನೀರನ್ನು ಅನಿಮೋನ್ ಇರುವ ತೊಟ್ಟಿಗೆ ಹಾಕಲೇಬಾರದು.

ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪಲ್ಲ ಎಂಬುದನ್ನು ಹಲವರು ಮರೆಯುತ್ತಾರೆ. ಸಾವಿರಕ್ಕೆ 35 ಭಾಗ ಉಪ್ಪಿರುವ 200 ಲೀಟರ್ ನೀರಿನಲ್ಲಿ 10 ಲೀಟರ್ ಆವಿಯಾದರೆ ಲವಣಾಂಶವು 36.8ಕ್ಕೆ ಏರುತ್ತದೆ. ಆಗ ಉಪ್ಪುನೀರನ್ನೇ ತುಂಬಿಸಿದರೆ ಅದು ಇಳಿಯುವುದೇ ಇಲ್ಲ. ಆದ ಕಾರಣ ಪ್ರತಿದಿನ ಕಡಿಮೆಯಾದಷ್ಟು ಸಿಹಿನೀರನ್ನು, ಶುದ್ಧೀಕರಿಸಿದ್ದನ್ನು, ಸೇರಿಸುತ್ತಿರಬೇಕು. ಬೇಸಿಗೆಯಲ್ಲಿ ತೊಟ್ಟಿ ತಂಪಾಗಿಸಲು ಫ್ಯಾನ್ ಇರಿಸಿದಾಗ ಆವಿಯಾಗುವ ಪ್ರಮಾಣ ಇನ್ನೂ ಹೆಚ್ಚುತ್ತದೆ.

ಹಿಂದೆ ಮೀನಿನ ರೋಗಕ್ಕೆ ತಾಮ್ರ ಬೆರೆತ ಔಷಧ ಹಾಕಿದ್ದ ತೊಟ್ಟಿಗೆ ಅನಿಮೋನ್ ತರಬಾರದು. ಮೀನು ತಾಳಿಕೊಳ್ಳುವ ತಾಮ್ರದ ಪ್ರಮಾಣವೇ ಅನಿಮೋನ್‌ಗೆ ಮಾರಕ. ಕಲ್ಲು ಮತ್ತು ಮರಳು ಅದನ್ನು ಹೀರಿಟ್ಟುಕೊಂಡು ನಂತರ ನೀರಿಗೆ ಬಿಡಬಹುದು.

ಅಂಗಡಿಯಲ್ಲಿ ಪರಿಶೀಲನೆ

ಆರೋಗ್ಯವಂತ ಅನಿಮೋನ್‌ನ ಬಾಯಿ ಮುಚ್ಚಿರುತ್ತದೆ, ಪಾದವು ಗಾಜಿಗೋ ಕಲ್ಲಿಗೋ ಗಟ್ಟಿಯಾಗಿ ಅಂಟಿರುತ್ತದೆ, ಮೈ ಉಬ್ಬಿರುತ್ತದೆ. ಬಾಯಿ ತೆರೆದು ಜೋತುಬಿದ್ದಿರುವುದು, ತಳದಲ್ಲಿ ಅಡ್ಡ ಬಿದ್ದು ನೀರಿನ ಸೆಳೆತಕ್ಕೆ ಉರುಳುತ್ತಿರುವುದು, ಪಾದ ಹರಿದಿರುವುದು, ಇವುಗಳಲ್ಲಿ ಯಾವುದೊಂದು ಕಂಡರೂ ಖರೀದಿಸಬಾರದು. ಪಾದಕ್ಕಾದ ಗಾಯವು ಮಾಯುವುದು ಕಷ್ಟ.

ಬಣ್ಣದ ವಿಷಯದಲ್ಲಿ ವಿಶೇಷ ಎಚ್ಚರಿಕೆ ಅಗತ್ಯ. ಅಚ್ಚ ಬಿಳಿಯ ಅನಿಮೋನ್ ಬಹುತೇಕ ಸಂದರ್ಭಗಳಲ್ಲಿ ಅಪರೂಪದ ತಳಿಯಲ್ಲ. ಅದು ತನ್ನೊಳಗಿನ ಪಾಚಿಯನ್ನು ಕಳೆದುಕೊಂಡು ಹಸಿವಿನಿಂದಿರುವ ಪ್ರಾಣಿ. ಕಣ್ಣು ಕುಕ್ಕುವ ಹಳದಿ, ಗುಲಾಬಿ ಅಥವಾ ನೀಲಿ ಬಣ್ಣ ಮೈತುಂಬಾ ಒಂದೇ ಸಮನೆ ಇದ್ದರೆ, ಅಂತಹ ಬಿಳಿಚಿದ ಅನಿಮೋನ್‌ಗೆ ಬಣ್ಣ ಹಾಕಿರುವ ಸಾಧ್ಯತೆ ಇರುತ್ತದೆ. ಕಂದು ಛಾಯೆಯ, ಅಷ್ಟೇನೂ ಆಕರ್ಷಕವಲ್ಲದ ಅನಿಮೋನ್ ಆರೋಗ್ಯದ ದೃಷ್ಟಿಯಿಂದ ಮೇಲು. ಆಹಾರದ ಸಣ್ಣ ತುಣುಕೊಂದನ್ನು ತಮ್ಮ ಮುಂದೆಯೇ ನೀಡುವಂತೆ ಅಂಗಡಿಯವರನ್ನು ಕೇಳಬಹುದು; ಸ್ಪರ್ಶಾಂಗಗಳು ಅದನ್ನು ಹಿಡಿದು ಬಾಯಿಗೆ ಒಯ್ದರೆ ಒಳ್ಳೆಯ ಲಕ್ಷಣ. ಅಂಗಡಿಗೆ ಬಂದ ದಿನವೇ ಖರೀದಿಸದೆ ಒಂದು ವಾರ ಅಲ್ಲಿಯೇ ಇರಿಸುವಂತೆ ಕೋರುವುದು ಇನ್ನೂ ಒಳ್ಳೆಯದು. ಕಲ್ಲಿಗೆ ಅಂಟಿದ್ದನ್ನು ಉಗುರಿನಿಂದ ಅಥವಾ ತಗಡಿನಿಂದ ಕೆರೆದು ತೆಗೆಯಲು ಬಿಡಬಾರದು.

ಖರೀದಿಗೆ ರಶೀದಿಯನ್ನು ಕೇಳಿ ಪಡೆಯತಕ್ಕದ್ದು. ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಪ್ರಕಾರ ಮಾರಿದ ಸರಕಿಗೆ ರಶೀದಿ ನೀಡದಿರುವುದು ಅನುಚಿತ ವ್ಯಾಪಾರ ಪದ್ಧತಿಗಳಲ್ಲಿ ಒಂದು. ರಶೀದಿಯಲ್ಲಿ ಬರಿದೇ ‘ಅಕ್ವೇರಿಯಂ ಸಾಮಗ್ರಿ’ ಎಂದಿರದೆ ಜೀವಿಯ ಹೆಸರು ನಮೂದಾಗಿರುವಂತೆ ನೋಡಿಕೊಳ್ಳಬೇಕು.

ಹವಳಗಳ ಕುರಿತು ಕಾನೂನು

ಅನಿಮೋನ್ ಜೊತೆಗೆ ಹವಳದ ಕಲ್ಲು ಅಥವಾ ‘ಲೈವ್ ರಾಕ್’ ಕೊಳ್ಳುವಂತೆ ಸಲಹೆ ನೀಡುವುದು ವಾಡಿಕೆ. ದಿಬ್ಬ ಕಟ್ಟುವ ಹವಳಗಳು, ಕರಿ ಹವಳ, ಆರ್ಗನ್ ಪೈಪ್ ಹವಳ, ಫೈರ್ ಹವಳ ಹಾಗೂ ಸೀ ಫ್ಯಾನ್‌ಗಳನ್ನು ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರ ಮೊದಲನೇ ಅನುಸೂಚಿಗೆ 2001ರಲ್ಲಿ ಸೇರಿಸಲಾಯಿತು. ನಮ್ಮ ಸಮುದ್ರದಿಂದ ಇವುಗಳನ್ನು ಸಂಗ್ರಹಿಸುವುದಾಗಲಿ ಮಾರುವುದಾಗಲಿ ಅಪರಾಧ. ಸತ್ತ ಹವಳದ ತುಂಡಿಗೂ ಇದು ಅನ್ವಯಿಸುತ್ತದೆ. ಕಛ್ ಕೊಲ್ಲಿ ಮತ್ತು ಮನ್ನಾರ್ ಕೊಲ್ಲಿಯ ಸಾಗರ ರಾಷ್ಟ್ರೀಯ ಉದ್ಯಾನಗಳಿಂದ ಯಾವುದೇ ಜೀವಿಯನ್ನು ತೆಗೆಯುವಂತಿಲ್ಲ. ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತಲೂ ಹವಳಗಳಿವೆ. ಅಲ್ಲಿ ಮುಳುಗು ಈಜಿಗೆ ಹೋಗುವವರು ನೆನಪಿಗೆಂದು ಏನನ್ನೂ ತರಬಾರದು. ಅನಿಮೋನ್‌ಗೆ ಬೇಕಾದುದು ಪಾದ ಊರಲು ಬಿರುಕುಗಳಿರುವ ಗಟ್ಟಿ ಆಸರೆ ಮಾತ್ರ. ಅಕ್ವೇರಿಯಂಗಾಗಿ ತಯಾರಿಸಿದ ಕೃತಕ ಕಲ್ಲು ಇದಕ್ಕೆ ಧಾರಾಳವಾಗಿ ಸಾಕು.

ತೊಟ್ಟಿಗೆ ಬಿಡುವ ಕ್ರಮ

ಚೀಲವನ್ನು ಮನೆಗೆ ತಂದ ಮೇಲೆ ತೊಟ್ಟಿಯ ದೀಪವನ್ನು ಆರಿಸಿ, ಚೀಲದ ಬಾಯಿ ಬಿಚ್ಚದೆ 15ರಿಂದ 20 ನಿಮಿಷ ತೊಟ್ಟಿಯ ನೀರಿನ ಮೇಲೆ ತೇಲಿಬಿಡಬೇಕು. ಉಷ್ಣತೆ ಸಮನಾದ ನಂತರ ಅನಿಮೋನನ್ನು ಚೀಲದ ನೀರಿನ ಸಮೇತ ಸ್ವಚ್ಛವಾದ ಪ್ಲಾಸ್ಟಿಕ್ ಬಕೆಟ್‌ಗೆ ಇಳಿಸಬೇಕು. ಸಾಬೂನು ತಾಗಿದ ಬಕೆಟ್ ಬೇಡ. ಗಾಳಿ ಪಂಪಿನ ತೆಳು ಕೊಳವೆಯೊಂದಕ್ಕೆ ಸಡಿಲ ಗಂಟು ಹಾಕಿ, ತೊಟ್ಟಿಯ ನೀರು ಬಕೆಟ್‌ಗೆ ಸೆಕೆಂಡಿಗೆ ಸುಮಾರು ಮೂರು ಹನಿಯಂತೆ ಬೀಳುವಂತೆ ಮಾಡಬೇಕು. ಒಂದು ಮಿಲಿಲೀಟರಿಗೆ 20 ಹನಿಯಂತೆ ಲೆಕ್ಕ ಹಾಕಿದರೆ ನಿಮಿಷಕ್ಕೆ 9 ಮಿಲಿಲೀಟರ್ ಆಗುತ್ತದೆ. ಚೀಲದಲ್ಲಿ ಒಂದು ಲೀಟರ್ ನೀರಿದ್ದರೆ ಅದು ದುಪ್ಪಟ್ಟಾಗಲು ಹತ್ತಿರ ಹತ್ತಿರ ಎರಡು ಗಂಟೆ. ಈ ನಿಧಾನವೇ ಇಲ್ಲಿನ ಉದ್ದೇಶ: ಅನಿಮೋನ್‌ನ ದೇಹವು ಬಹುಪಾಲು ನೀರೇ ಆಗಿದ್ದು, ಲವಣಾಂಶದ ದಿಢೀರ್ ಬದಲಾವಣೆಯನ್ನು ತಡೆಯುವ ಕವಚ ಅದಕ್ಕಿಲ್ಲ.

ಹಾಗೆಂದು ರಾತ್ರಿಯಿಡೀ ಬಕೆಟ್‌ನಲ್ಲಿ ಬಿಡುವುದೂ ತಪ್ಪು. ಮುಚ್ಚಿದ ಚೀಲದಲ್ಲಿ ಅಮೋನಿಯಾ ಶೇಖರವಾಗಿರುತ್ತದೆ, ಆದರೆ ಇಂಗಾಲದ ಡೈ ಆಕ್ಸೈಡ್‌ನಿಂದ ಪಿಎಚ್ ಇಳಿದಿರುವುದರಿಂದ ಅದರ ವಿಷ ಕಡಿಮೆ ಇರುತ್ತದೆ. ಚೀಲ ಬಿಚ್ಚಿದ ಕೂಡಲೇ ಪಿಎಚ್ ಏರತೊಡಗಿ ಅದೇ ಅಮೋನಿಯಾ ಹೆಚ್ಚು ವಿಷಕಾರಿಯಾಗುತ್ತದೆ. ಆದ್ದರಿಂದ ಒಮ್ಮೆ ಚೀಲ ಬಿಚ್ಚಿದ ಮೇಲೆ ಊಟಕ್ಕೆ, ಹೊರಗಿನ ಕೆಲಸಕ್ಕೆ ಎದ್ದು ಹೋಗದೆ ಕೆಲಸ ಮುಗಿಸಬೇಕು. ಚೀಲದ ನೀರನ್ನು ತೊಟ್ಟಿಗೆ ಸುರಿಯದೆ ಚರಂಡಿಗೆ ಚೆಲ್ಲಬೇಕು.

ಬಿಡುವ ಮೊದಲೇ ತೊಟ್ಟಿಯೊಳಗಿನ ಎಲ್ಲ ಪಂಪುಗಳ ನೀರೆಳೆಯುವ ಬಾಯಿಗೆ ಸ್ಪಂಜು ಅಥವಾ ಬಲೆ ಕಟ್ಟಿರಬೇಕು. ಇದನ್ನು ಮರೆಯುವುದರಿಂದ ಆಗುವ ಹಾನಿ ಅತಿ ದೊಡ್ಡದು: ಹೊಸ ಅನಿಮೋನ್ ರಾತ್ರಿ ನಡೆದಾಡುತ್ತಾ ಪಂಪಿನ ಬಾಯಿಗೆ ಸಿಕ್ಕಿ ಚೂರಾಗುತ್ತದೆ, ಆ ಚೂರುಗಳು ತೊಟ್ಟಿಯ ತುಂಬಾ ಹರಡುತ್ತವೆ. ಕೈಗವಸು ಧರಿಸಿ, ಪಾದ ಕೆಳಮುಖವಾಗಿರುವಂತೆ, ಬೆಳಕು ಬೀಳುವ ಕಲ್ಲಿನ ಬಿರುಕಿನ ಬಳಿ ಮೆಲ್ಲಗೆ ಇರಿಸಬೇಕು. ಒಂದು ಗಂಟೆ ಕಾಲ ನೀರಿನ ಸೆಳೆತ ಉಂಟುಮಾಡುವ ಪಂಪುಗಳನ್ನು ನಿಲ್ಲಿಸಿದರೆ ಅದು ಪಾದ ಊರಲು ಅವಕಾಶವಾಗುತ್ತದೆ. ಪಂಪುಗಳನ್ನು ಪುನಃ ಚಾಲೂ ಮಾಡುವುದನ್ನು ಮರೆಯಬಾರದು. ಕುಟುಕು ತಗುಲಿದ ಕೈಯಿಂದ ಕಣ್ಣು ಮುಟ್ಟಬಾರದು.

ಮೊದಲ ಮೂರು ವಾರಗಳು

ಇಲ್ಲಿಂದ ಮುಂದೆ ಮಾಡಬೇಕಾದ ಕೆಲಸವೆಂದರೆ ಹೆಚ್ಚಾಗಿ ಏನನ್ನೂ ಮಾಡದಿರುವುದು. ಬಹಳಷ್ಟು ಮಂದಿಗೆ ಇದೇ ಕಠಿಣ. ತಾವು ಇರಿಸಿದ ಅಂದದ ಜಾಗವನ್ನು ಬಿಟ್ಟು ಅನಿಮೋನ್ ಹಿಂಬದಿಗೋ ಮೂಲೆಗೋ ನಡೆದು ಹೋದಾಗ ಅದನ್ನು ಕಿತ್ತು ಮತ್ತೆ ಮುಂದಕ್ಕೆ ತರುವವರಿದ್ದಾರೆ. ಅನಿಮೋನ್ ನಡೆಯುವುದು ತನಗೆ ಸರಿಯಾದ ಬೆಳಕು, ನೀರಿನ ಸೆಳೆತ ಮತ್ತು ಪಾದಕ್ಕೆ ಆಸರೆ ಹುಡುಕಿಕೊಂಡು. ಅದು ನಿಂತ ಜಾಗವೇ ಅದರ ಜಾಗ. ಹತ್ತಿರದಲ್ಲಿ ಅದು ಕುಟುಕಬಹುದಾದ ಬೇರೆ ಜೀವಿಗಳಿದ್ದರೆ ಅವುಗಳನ್ನು ಸರಿಸಬೇಕೇ ಹೊರತು ಅನಿಮೋನನ್ನಲ್ಲ.

ದಿನಕ್ಕೆ ಒಂದೆರಡು ಬಾರಿ ಅದು ಮುದುಡಿ ಚಿಕ್ಕದಾಗಿ, ಕಂದು ಬಣ್ಣದ ಲೋಳೆಯನ್ನು ಹೊರಹಾಕಿ, ಕೆಲವು ಗಂಟೆಗಳಲ್ಲಿ ಮತ್ತೆ ಉಬ್ಬಿಕೊಂಡರೆ ಗಾಬರಿಪಡಬೇಕಾಗಿಲ್ಲ. ದೀಪದ ತೀವ್ರತೆಯನ್ನು ಆರಂಭದಲ್ಲಿ ಅರ್ಧದಷ್ಟಿರಿಸಿ ಎರಡು ಮೂರು ವಾರಗಳಲ್ಲಿ ಕ್ರಮೇಣ ಏರಿಸಬೇಕು. ಮೊದಲ ವಾರ ಆಹಾರ ಬೇಡ. ಆನಂತರ ವಾರಕ್ಕೆ ಒಂದೆರಡು ಬಾರಿ, ಉಪ್ಪು ಮಸಾಲೆ ತಾಗದ ಹಸಿ ಸಿಗಡಿ ಅಥವಾ ಮೀನಿನ ಬಟಾಣಿ ಗಾತ್ರದ ತುಂಡು ಸಾಕು. ದೊಡ್ಡ ತುಂಡನ್ನು ನುಂಗಿದರೂ ಜೀರ್ಣಿಸಲಾಗದೆ ಉಗುಳುತ್ತದೆ, ನೀರೂ ಕೆಡುತ್ತದೆ.

ವಿದ್ಯುತ್ ಕಡಿತದ ಸಮಯಕ್ಕಾಗಿ ಬ್ಯಾಟರಿಯಿಂದ ನಡೆಯುವ ಗಾಳಿ ಪಂಪೊಂದನ್ನು ಸಿದ್ಧವಾಗಿಟ್ಟುಕೊಳ್ಳಬೇಕು. ಕೆಲವು ಗಂಟೆ ಬೆಳಕಿಲ್ಲದಿದ್ದರೆ ತೊಂದರೆ ಇಲ್ಲ. ನೀರು ಅಲುಗಾಡದೆ ಆಮ್ಲಜನಕ ಇಳಿಯುವುದೇ ಅಪಾಯ.

ಕ್ಲೌನ್ ಮೀನುಗಳ ವಿಷಯ

ಕ್ಲೌನ್ ಮೀನಿನ ಮೈಮೇಲಿನ ಲೋಳೆಯಿಂದಾಗಿ ಅದಕ್ಕೆ ಅನಿಮೋನ್ ಕುಟುಕುವುದಿಲ್ಲ. ಆದರೆ ಎಲ್ಲ ಕ್ಲೌನ್ ಮೀನುಗಳೂ ಎಲ್ಲ ಅನಿಮೋನ್‌ಗಳಲ್ಲಿ ವಾಸಿಸುವುದಿಲ್ಲ. ಟೊಮ್ಯಾಟೊ, ಮರೂನ್ ಮತ್ತು ಕ್ಲಾರ್ಕಿ ಜಾತಿಗಳು ಸಮುದ್ರದಲ್ಲಿಯೂ ಬಬಲ್ ಟಿಪ್‌ನಲ್ಲಿ ಇರುತ್ತವೆ. ಅಂಗಡಿಗಳಲ್ಲಿ ಹೆಚ್ಚು ಮಾರಾಟವಾಗುವ ಆಸಿಲಾರಿಸ್ ಜಾತಿಗೆ ಸಮುದ್ರದಲ್ಲಿ ಬೇರೆ ಅನಿಮೋನ್‌ಗಳು ಆಶ್ರಯ. ತೊಟ್ಟಿಯಲ್ಲಿ ಅದು ಬಬಲ್ ಟಿಪ್‌ಗೆ ಹೋಗಬಹುದು, ತಿಂಗಳುಗಟ್ಟಲೆ ಅದರತ್ತ ಸುಳಿಯದೆಯೂ ಇರಬಹುದು. ಸಮುದ್ರದಲ್ಲಿ ಶತ್ರುಗಳಿಂದ ರಕ್ಷಣೆಗೆ ಅನಿಮೋನ್ ಅನಿವಾರ್ಯ; ಮನೆಯ ತೊಟ್ಟಿಯಲ್ಲಿ ಕ್ಲೌನ್ ಮೀನು ಅನಿಮೋನ್ ಇಲ್ಲದೆಯೇ ಆರೋಗ್ಯವಾಗಿ ಬಾಳಿ ಮೊಟ್ಟೆಯನ್ನೂ ಇಡುತ್ತದೆ. ಮೀನಿನ ಮೇಲಿನ ಮರುಕದಿಂದ ಅನಿಮೋನ್ ತರಲು ಹೊರಟವರು ಇದನ್ನು ಗಮನಿಸಬೇಕು. ಹೊಸದಾಗಿ ಬಂದು ಇನ್ನೂ ಪಾದ ಊರದ ಅನಿಮೋನ್‌ನೊಳಗೆ ದೊಡ್ಡ ಮೀನು ಬಲವಾಗಿ ನುಗ್ಗುತ್ತಿದ್ದರೆ ಕೆಲವು ದಿನ ಜಾಲರಿಯಿಂದ ಬೇರ್ಪಡಿಸುವುದು ಸೂಕ್ತ.

ತೊಂದರೆ ಕಂಡುಬಂದಲ್ಲಿ

ಬಾಯಿ ಸತತವಾಗಿ ತೆರೆದೇ ಇದ್ದು, ಮೈ ಕರಗಿದಂತಾಗಿ ದಾರದಂತೆ ಬಿಡಿಬಿಡಿಯಾಗುತ್ತಿದ್ದರೆ ಮತ್ತು ಕೊಳೆತ ವಾಸನೆ ಬರುತ್ತಿದ್ದರೆ ಅದು ಬದುಕುವುದಿಲ್ಲ. ಬೆಳಗಾಗಲಿ ಎಂದು ಕಾಯದೆ ಕೂಡಲೇ ಹೊರತೆಗೆದು, ನಾಲ್ಕನೇ ಒಂದು ಭಾಗ ನೀರು ಬದಲಿಸಿ, ಫಿಲ್ಟರ್‌ನಲ್ಲಿ ಸಕ್ರಿಯ ಇದ್ದಿಲು ಇರಿಸಿ, ಅಮೋನಿಯಾ ಪರೀಕ್ಷಿಸಬೇಕು. ಇದಕ್ಕಾಗಿ ಬೆರೆಸಿದ ಉಪ್ಪುನೀರು ಸದಾ 50 ಲೀಟರಿನಷ್ಟು ಮನೆಯಲ್ಲಿರುವುದು ಕ್ಷೇಮ.

ಬೇಡವಾದ ಜೀವಂತ ಅನಿಮೋನನ್ನು ಸಮುದ್ರಕ್ಕೆ ಬಿಡಬಾರದು; ಬೇರೆ ಸಾಗರದ ಜಾತಿ ಹಾಗೂ ರೋಗಾಣುಗಳು ನಮ್ಮ ತೀರಕ್ಕೆ ಸೇರುವ ಅಪಾಯವಿದೆ. ಅದನ್ನು ಬೇರೊಬ್ಬ ಹವ್ಯಾಸಿಗೆ ಅಥವಾ ಕೊಂಡ ಅಂಗಡಿಗೆ ಹಿಂದಿರುಗಿಸಬಹುದು.

ಅಲಂಕಾರಿಕ ಮೀನು ಸಾಕಣೆಯ ಕುರಿತು ಹೆಚ್ಚಿನ ಮಾಹಿತಿ ಬೇಕಾದಲ್ಲಿ ಆಯಾ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಛೇರಿಯನ್ನು ಕಛೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ. ಭೇಟಿಗೆ ಬರುವಾಗ ತೊಟ್ಟಿಯ ಅಳತೆ, ಸ್ಥಾಪಿಸಿದ ದಿನಾಂಕ ಹಾಗೂ ನೀರಿನ ಪರೀಕ್ಷೆಯ ಅಂಕಿಗಳನ್ನು ಬರೆದಿಟ್ಟ ಪುಸ್ತಕವನ್ನು ಜೊತೆಯಲ್ಲಿ ತರುವಂತೆ ಕೋರಲಾಗಿದೆ.